ರುಬೆಲ್ಲಾ ರಿಪೋರ್ಟ್: ‘ಪಾಸಿಟಿವ್’ ಅಂದ ಕೂಡಲೇ ಗಾಬರಿ ಬೇಡ

ಗರ್ಭಿಣಿ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಸಂಭ್ರಮ. ಅದರ ಬೆನ್ನಿಗೇ ರಕ್ತ ಪರೀಕ್ಷೆಗಳ ಉದ್ದನೆಯ ಚೀಟಿ. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಎಚ್‌ಐವಿ... ಇವೆಲ್ಲ ನಮಗೆ ಅಷ್ಟಿಷ್ಟು ಪರಿಚಯವೇ. ಆದರೆ ಕೆಲವರ ಚೀಟಿಯಲ್ಲಿ ‘ರುಬೆಲ್ಲಾ’ ಅಥವಾ ‘ಟಾರ್ಚ್’ ಎಂಬ ಹೆಸರೂ ಇರುತ್ತದೆ. ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಐಜಿಜಿ, ಐಜಿಎಂ ಎಂಬ ಎರಡು ಸಾಲು, ಮುಂದೆ ಒಂದೊಂದು ಅಂಕಿ, ದಪ್ಪಕ್ಷರದಲ್ಲಿ ‘ಪಾಸಿಟಿವ್’. ಅಷ್ಟೇ, ಮನೆಯವರ ಮುಖ ಬಾಡುತ್ತದೆ. ‘ಅಯ್ಯೋ, ಮಗುವಿಗೆ ಏನಾದ್ರೂ ಆಗಿಬಿಟ್ರೆ?’ ಎಂದು ಒಬ್ಬರು, ‘ಇನ್ನೂ ವಯಸ್ಸಿದೆ, ಈ ಸಲ ಬೇಡ ಅಂದ್ಕೊಳ್ಳಿ’ ಎಂದು ಇನ್ನೊಬ್ಬರು.

ಸ್ವಲ್ಪ ತಾಳಿ. ಆ ಕಾಗದದ ಮೇಲಿರುವ ‘ಪಾಸಿಟಿವ್’ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ಯಾವ ಪ್ರತಿಕಾಯ ಪಾಸಿಟಿವ್, ಯಾವ ವಿಧಾನದಲ್ಲಿ ಪರೀಕ್ಷೆ ಮಾಡಿದ್ದಾರೆ, ಎಷ್ಟನೇ ವಾರದಲ್ಲಿ ರಕ್ತ ತೆಗೆದಿದ್ದಾರೆ, ಈ ಮೂರೂ ಗೊತ್ತಾದ ಮೇಲೇ ಅದಕ್ಕೆ ಅರ್ಥ ಬರುವುದು.

ಮೂರು ದಿನದ ಜ್ವರ, ಜೀವನಪೂರ್ತಿ ಪೆಟ್ಟು

ರುಬೆಲ್ಲಾ ಎಂದರೆ ಜರ್ಮನ್ ದಡಾರ. ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಮೈಮೇಲೆ ಕೆಂಪು ದದ್ದು ಎದ್ದರೆ ‘ದಡಾರ ಆಗಿದೆ’ ಅಂತ ಬೇವಿನ ಸೊಪ್ಪು ಇಡುವುದುಂಟು. ಅವುಗಳಲ್ಲಿ ಕೆಲವು ನಿಜವಾದ ದಡಾರ, ಕೆಲವು ರುಬೆಲ್ಲಾ. ಕಣ್ಣಳತೆಯಲ್ಲಿ ಬೇರೆ ಮಾಡುವುದು ವೈದ್ಯರಿಗೂ ಕಷ್ಟ. ಸಣ್ಣ ಜ್ವರ, ಮೂರು ದಿನದ ದದ್ದು, ಕಿವಿಯ ಹಿಂದೆ ಮತ್ತು ಕತ್ತಿನಲ್ಲಿ ಗಂಟು, ಆಮೇಲೆ ತಾನಾಗಿಯೇ ಗುಣ. ಸೋಂಕು ತಗುಲಿದ ಎಷ್ಟೋ ಜನರಿಗೆ ದದ್ದೂ ಏಳುವುದಿಲ್ಲ. ಬಂದು ಹೋದದ್ದೇ ತಿಳಿಯುವುದಿಲ್ಲ.

ತಾಯಿಗೆ ಇಷ್ಟು ಹಗುರವಾದ ರೋಗ ಹೊಟ್ಟೆಯಲ್ಲಿರುವ ಕೂಸಿಗೆ ಮಾತ್ರ ಭಾರಿ. ಗರ್ಭದ ಮೊದಲ 12 ವಾರಗಳಲ್ಲಿ ಸೋಂಕು ತಗುಲಿದರೆ ನೂರಕ್ಕೆ 80ರಿಂದ 90 ಪ್ರಕರಣಗಳಲ್ಲಿ ಮಗುವಿಗೆ ತೊಂದರೆ ಆಗಬಹುದು. ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಇದರಲ್ಲಿ ಮುಖ್ಯವಾದವು. ಗರ್ಭಪಾತವೂ ಆಗಬಹುದು. 16 ವಾರ ಕಳೆದಂತೆ ಅಪಾಯ ಇಳಿಯುತ್ತದೆ, 20 ವಾರದ ನಂತರ ತೀರಾ ವಿರಳ. ಆದ್ದರಿಂದ ಸೋಂಕು ‘ಯಾವಾಗ’ ತಗುಲಿತು ಎಂಬ ಪ್ರಶ್ನೆಗೆ ಇಲ್ಲಿ ಚಿನ್ನದ ಬೆಲೆ.

ಈ ನಂಟನ್ನು ಮೊದಲು ಕಂಡವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. 1941ರಲ್ಲಿ ತಮ್ಮ ಬಳಿಗೆ ಬಂದ ಹಸುಗೂಸುಗಳ ಕಣ್ಣಿನಲ್ಲಿ ಪೊರೆ ಕಂಡು, ಅವರ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂದು ಪತ್ತೆ ಹಚ್ಚಿದರು. ಅಮೆರಿಕದಲ್ಲಿ 1964-65ರಲ್ಲಿ ಎದ್ದ ರುಬೆಲ್ಲಾ ಪಿಡುಗಿನಲ್ಲಿ ಸುಮಾರು 20 ಸಾವಿರ ಶಿಶುಗಳು ಹುಟ್ಟು ದೋಷದೊಂದಿಗೆ ಜನಿಸಿದವು. ಅಲ್ಲಿಂದಾಚೆ ಲಸಿಕೆಯೂ ಪರೀಕ್ಷೆಗಳೂ ಬೆಳೆದವು.

ಎಳನೀರು ಮತ್ತು ಬಲಿತ ಕಾಯಿ

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಇವು ಎರಡು ಬಗೆ. ನಮ್ಮ ತೆಂಗಿನ ಸೀಮೆಯ ಭಾಷೆಯಲ್ಲೇ ಹೇಳುವುದಾದರೆ ಐಜಿಎಂ ಎಳನೀರಿನ ಹಾಗೆ, ಐಜಿಜಿ ಬಲಿತ ಕಾಯಿಯ ಹಾಗೆ.

ಐಜಿಎಂ ಹೊಸ ಸೋಂಕಿನ ಗುರುತು. ದದ್ದು ಎದ್ದ ದಿನ ಅರ್ಧದಷ್ಟು ಜನರಲ್ಲಿ ಮಾತ್ರ ಸಿಗುತ್ತದೆ, ಐದಾರು ದಿನ ಕಳೆದ ಮೇಲೆ ಹೆಚ್ಚಿನವರಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಆರೆಂಟು ವಾರ ಇದ್ದು ಇಳಿಯುತ್ತದೆ. ಕೆಲವರಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿಯುವುದುಂಟು. ಐಜಿಜಿ ಸ್ವಲ್ಪ ತಡವಾಗಿ ಬರುತ್ತದೆ, ಆದರೆ ಬಂದದ್ದು ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಹಿಂದೆ ರೋಗ ಬಂದಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ ಐಜಿಜಿ ಇರುತ್ತದೆ.

ಹಾಗಾಗಿ ‘ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್’ ಎಂದು ಬಂದರೆ ಅದು ಸಿಹಿ ಸುದ್ದಿ. ನಿಮಗೆ ರಕ್ಷಣೆ ಇದೆ ಎಂದರ್ಥ. ಇದನ್ನೇ ಓದಿ ಅಳುತ್ತಾ ಕೂತವರು ಎಷ್ಟೋ ಮಂದಿ!

ಯಾವ ವಿಧಾನ ಎಷ್ಟು ನಿಖರ?

ಅರಳಗುಪ್ಪೆಯಂಥ ಊರಿನ ಹೆಣ್ಣುಮಗಳು ತಿಪಟೂರಿಗೆ ಬಂದು ರಕ್ತ ಕೊಟ್ಟರೆ, ಆ ರಕ್ತದ ಪರೀಕ್ಷೆ ಅಲ್ಲೇ ಆಗಬಹುದು, ತುಮಕೂರಿಗೋ ಬೆಂಗಳೂರಿಗೋ ಹೋಗಬಹುದು. ಒಂದೊಂದು ಕಡೆ ಒಂದೊಂದು ವಿಧಾನ. ಹಾಗಾಗಿ ಇವುಗಳ ಗುಣ ದೋಷ ತಿಳಿದಿದ್ದರೆ ಒಳ್ಳೆಯದು.

ಎಚ್‌ಐ ಪರೀಕ್ಷೆ: ಇದು ಎಲ್ಲಕ್ಕಿಂತ ಹಿರಿಯದು, 1967ರಲ್ಲಿ ಬಳಕೆಗೆ ಬಂತು. ರುಬೆಲ್ಲಾ ವೈರಸ್ ಕೋಳಿಮರಿಯಂಥ ಹಕ್ಕಿಗಳ ಕೆಂಪು ರಕ್ತಕಣಗಳನ್ನು ಗಂಟು ಕಟ್ಟಿಸುತ್ತದೆ. ನಿಮ್ಮ ರಕ್ತದ ಸೀರಮ್‌ನಲ್ಲಿ ಪ್ರತಿಕಾಯವಿದ್ದರೆ ಗಂಟು ಕಟ್ಟುವುದು ನಿಲ್ಲುತ್ತದೆ. ಸೀರಮ್ ಅನ್ನು 1:8, 1:16, 1:32 ಹೀಗೆ ತೆಳುವಾಗಿಸುತ್ತಾ ಹೋಗಿ ಎಲ್ಲಿಯವರೆಗೆ ತಡೆಯುತ್ತದೆ ಎಂದು ನೋಡುತ್ತಾರೆ. ಬಹಳ ಕಾಲ ಉಳಿದ ಪರೀಕ್ಷೆಗಳನ್ನು ಇದರ ಜೊತೆಗೇ ಹೋಲಿಸಿ ಅಳೆಯುತ್ತಿದ್ದರು. ಆದರೆ ಕೆಲಸ ಬಹಳ. ಪ್ರತಿಕಾಯವಲ್ಲದ ಬೇರೆ ವಸ್ತುಗಳೂ ರಕ್ತದಲ್ಲಿದ್ದು ಗಂಟನ್ನು ತಡೆಯುತ್ತವೆ. ಅವನ್ನು ಮೊದಲೇ ತೆಗೆಯದಿದ್ದರೆ ರಕ್ಷಣೆ ಇಲ್ಲದವರಿಗೂ ‘ಇದೆ’ ಎಂದು ಬರುತ್ತದೆ. ಒಂದು ಮೆಟ್ಟಿಲು ಹೆಚ್ಚು ಕಡಿಮೆ ಆಗುವುದು ಸಹಜ. 1:16 ಇದ್ದದ್ದು 1:32 ಆದರೆ ಅದು ಏರಿಕೆಯಲ್ಲ. ನಾಲ್ಕು ಪಟ್ಟು ಏರಿದರೆ ಮಾತ್ರ ಹೊಸ ಸೋಂಕಿನ ಲಕ್ಷಣ. ಅಲ್ಲದೆ ಇದು ಐಜಿಎಂ, ಐಜಿಜಿ ಎರಡನ್ನೂ ಒಟ್ಟಿಗೆ ಅಳೆಯುತ್ತದೆ, ಬಿಡಿಸಿ ಹೇಳುವುದಿಲ್ಲ.

ಲೇಟೆಕ್ಸ್ ಪರೀಕ್ಷೆ: ವೈರಸ್ಸಿನ ಅಂಶ ಹಚ್ಚಿದ ಸಣ್ಣ ಕಣಗಳಿಗೆ ಸೀರಮ್ ಬೆರೆಸಿ, ತರಿತರಿ ಆಗುತ್ತದೆಯೇ ಎಂದು ಕಣ್ಣಿನಿಂದ ನೋಡುವುದು. ಕೆಲವೇ ನಿಮಿಷದಲ್ಲಿ ಫಲಿತಾಂಶ. ರಕ್ಷಣೆ ಇದೆಯೋ ಇಲ್ಲವೋ ಎಂದು ತಿಳಿಯಲು ಸಾಕು. ಸೋಂಕು ಹೊಸದೋ ಹಳೆಯದೋ ಎಂದು ಹೇಳಲು ಬಾರದು. ನೋಡುವವರ ಕಣ್ಣಿನ ಅಭ್ಯಾಸದ ಮೇಲೂ ಫಲಿತಾಂಶ ನಿಂತಿರುತ್ತದೆ.

ಎಲೈಸಾ: ಪುಟ್ಟ ಪುಟ್ಟ 96 ಗುಳಿಗಳಿರುವ ತಟ್ಟೆಯಲ್ಲಿ ಬಣ್ಣ ಬದಲಾಗುವುದನ್ನು ಯಂತ್ರ ಅಳೆಯುತ್ತದೆ. ಐಜಿಜಿ ಬೇರೆ, ಐಜಿಎಂ ಬೇರೆ ಎಂದು ಬಿಡಿಸಿ ಹೇಳುವುದು ಇದರ ದೊಡ್ಡ ಗುಣ. ಪಾಸಿಟಿವ್, ನೆಗೆಟಿವ್ ಎರಡರ ನಡುವೆ ಅನುಮಾನದ ಒಂದು ಪಟ್ಟಿ ಇರುತ್ತದೆ. ಅದನ್ನು ರಿಪೋರ್ಟ್‌ನಲ್ಲಿ ‘ಈಕ್ವಿವೋಕಲ್’ ಅಥವಾ ‘ಬಾರ್ಡರ್‌ಲೈನ್’ ಎಂದು ಬರೆಯುತ್ತಾರೆ. ಹಾಗೆ ಬಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಮತ್ತೆ ಪರೀಕ್ಷೆ ಮಾಡಿಸಬೇಕು.

ಸಿಎಲ್‌ಐಎ: ಈಗ ದೊಡ್ಡ ಲ್ಯಾಬ್‌ಗಳಲ್ಲಿ ಹೆಚ್ಚಾಗಿರುವುದು ಇದೇ. ಎಲೈಸಾದ ತತ್ವವೇ, ಆದರೆ ಬಣ್ಣದ ಬದಲು ಬೆಳಕನ್ನು ಅಳೆಯುತ್ತದೆ. ಎಲ್ಲವನ್ನೂ ಯಂತ್ರವೇ ಮಾಡುವುದರಿಂದ ಕೈತಪ್ಪು ಕಡಿಮೆ, ಬೇಗ ಆಗುತ್ತದೆ.

ಕಾರ್ಡ್ ಟೆಸ್ಟ್: ಗರ್ಭ ಪರೀಕ್ಷೆಯ ಕಾರ್ಡಿನ ಹಾಗೆ ಗೆರೆ ಮೂಡುವಂಥದ್ದು. ಅಗ್ಗ, ಬೇಗ. ಆದರೆ ಬಸುರಿನ ಭವಿಷ್ಯವನ್ನು ಈ ಒಂದು ಗೆರೆಯ ಮೇಲೆ ನಿರ್ಧರಿಸುವುದು ಖಂಡಿತ ಬೇಡ. ಗೆರೆ ಬಂದರೆ ಎಲೈಸಾ ಅಥವಾ ಸಿಎಲ್‌ಐಎ ಮಾಡಿಸಲೇಬೇಕು.

ಇವುಗಳ ಮೇಲೆ ನ್ಯೂಟ್ರಲೈಸೇಷನ್ ಎಂಬ ಪರೀಕ್ಷೆಯಿದೆ. ನಿಮ್ಮ ಪ್ರತಿಕಾಯ ಜೀವಂತ ವೈರಸ್ಸನ್ನು ನಿಜಕ್ಕೂ ತಡೆಯುತ್ತದೆಯೇ ಎಂದು ಜೀವಕೋಶಗಳಲ್ಲೇ ನೋಡುವುದು. ಹಲವು ದಿನ ಹಿಡಿಯುತ್ತದೆ, ವಿಶೇಷ ಪ್ರಯೋಗಾಲಯಗಳಲ್ಲಿ ಮಾತ್ರ ಆಗುತ್ತದೆ. ಗಂಟಲಿನ ದ್ರವದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಕೂಡ ಇದೆ. ಸೂಜಿ ಚುಚ್ಚದೆ ಬಾಯಿಯ ದ್ರವದಲ್ಲೇ ಐಜಿಎಂ ಪತ್ತೆ ಮಾಡುವ ಪ್ರಯತ್ನವನ್ನು ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ತಜ್ಞರು ಹುಟ್ಟು ದೋಷದ ಶಿಶುಗಳಿಗಾಗಿ ಮಾಡಿ ನೋಡಿದ್ದಾರೆ.

ಎರಡು ಲ್ಯಾಬ್, ಎರಡು ಅಂಕಿ

‘ಒಂದು ಕಡೆ 9 ಬಂತು, ಇನ್ನೊಂದು ಕಡೆ 16 ಬಂತು. ಯಾರು ಸುಳ್ಳು?’ ಇದು ಅನೇಕರ ಪ್ರಶ್ನೆ. ಇಬ್ಬರೂ ಸುಳ್ಳಲ್ಲದಿರಬಹುದು.

ಐಜಿಜಿಯನ್ನು ‘ಅಂತರರಾಷ್ಟ್ರೀಯ ಯೂನಿಟ್’ ಲೆಕ್ಕದಲ್ಲಿ ಬರೆಯುತ್ತಾರೆ. ಒಂದು ಮಿಲಿಲೀಟರಿಗೆ 10 ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ ಎಂಬುದು ಸಾಮಾನ್ಯ ಗೆರೆ. ಹಿಂದೆ ಈ ಗೆರೆ 15ರಲ್ಲಿತ್ತು, ಕೆಲವು ಕಿಟ್‌ಗಳಲ್ಲಿ ಆ ಗೆರೆ ಇನ್ನೂ ಬೇರೆಯೇ. ಎಲ್ಲ ಕಂಪನಿಗಳೂ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿ ಸೀರಮ್‌ಗೇ ತಮ್ಮ ಅಳತೆಯನ್ನು ಹೊಂದಿಸಿಕೊಂಡಿವೆ. ಆದರೂ ಅಂಕಿಗಳು ಹೊಂದುವುದಿಲ್ಲ. ಏಕೆಂದರೆ ಒಂದು ಕಿಟ್ ಇಡೀ ವೈರಸ್ಸನ್ನು ಬಳಸಿ ಪ್ರತಿಕಾಯ ಹಿಡಿಯುತ್ತದೆ, ಇನ್ನೊಂದು ವೈರಸ್ಸಿನ ಒಂದು ಭಾಗವನ್ನು ಮಾತ್ರ ಬಳಸುತ್ತದೆ. ಬಲೆ ಬೇರೆಯಾದರೆ ಸಿಗುವ ಮೀನೂ ಬೇರೆ. 2008ರಲ್ಲಿ ಆಸ್ಟ್ರೇಲಿಯಾದ ತಜ್ಞರು ಇಂಥ ಎಂಟು ಕಿಟ್‌ಗಳನ್ನು ಹೋಲಿಸಿ ನೋಡಿ, ಯೂನಿಟ್ ಒಂದೇ ಆದರೂ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತೋರಿಸಿದರು.

ನಮ್ಮಜ್ಜಿಯರ ಕಾಲದಲ್ಲಿ ಎಲ್ಲರ ಮನೆಯಲ್ಲೂ ಪಾವು ಇರುತ್ತಿತ್ತು. ಹೆಸರು ಒಂದೇ, ಆದರೆ ಈ ಮನೆಯ ಪಾವಿಗೂ ಆ ಮನೆಯ ಪಾವಿಗೂ ಒಂದು ಹಿಡಿ ವ್ಯತ್ಯಾಸ. ಇದೂ ಹಾಗೆಯೇ. ಆದ್ದರಿಂದ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದು ಲ್ಯಾಬಿನ ಅಂಕಿಯ ಜೊತೆ ಹೋಲಿಸಿ ‘ಏರಿದೆ, ಇಳಿದಿದೆ’ ಎನ್ನಬೇಡಿ. ಹೆಚ್ಚು ಪ್ರತಿಕಾಯ ಇರುವವರಲ್ಲಿ ಎಲ್ಲ ಕಿಟ್‌ಗಳೂ ‘ಇದೆ’ ಎಂದೇ ಹೇಳುತ್ತವೆ. ಜಗಳವೆಲ್ಲ ಗೆರೆಯ ಆಚೀಚೆ ಇರುವವರದ್ದು. ಲಸಿಕೆಯಿಂದ ರಕ್ಷಣೆ ಪಡೆದವರಲ್ಲಿ ಪ್ರತಿಕಾಯ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಅವರೇ ಹೆಚ್ಚಾಗಿ ಈ ಗೆರೆಯ ಹತ್ತಿರ ಸಿಕ್ಕಿಬೀಳುತ್ತಾರೆ.

ಸುಳ್ಳು ಪಾಸಿಟಿವ್: ಒಂದು ಲೆಕ್ಕ

ಐಜಿಎಂ ವಿಷಯದಲ್ಲಿ ದೊಡ್ಡ ತೊಡಕು ಇರುವುದು ಇಲ್ಲಿ. ಒಂದು ಲೆಕ್ಕ ಮಾಡೋಣ. ದದ್ದು ಜ್ವರ ಏನೂ ಇಲ್ಲದ 10,000 ಗರ್ಭಿಣಿಯರಿಗೆ ಪರೀಕ್ಷೆ ಮಾಡಿಸಿದರು ಎನ್ನಿ. ಅವರಲ್ಲಿ 5 ಜನರಿಗೆ ನಿಜವಾದ ಹೊಸ ಸೋಂಕು ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆಯೂ ಒಳ್ಳೆಯದೇ: ಸೋಂಕಿಲ್ಲದ 100 ಜನರಲ್ಲಿ 98 ಜನರಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ, 2 ಜನರಿಗೆ ಮಾತ್ರ ತಪ್ಪಿ ‘ಇದೆ’ ಎನ್ನುತ್ತದೆ. ಆಗ ಸೋಂಕಿಲ್ಲದ 9,995 ಜನರಲ್ಲಿ ಸುಮಾರು 200 ಜನರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ನಿಜವಾದ 5 ಸೇರಿ ಒಟ್ಟು 205 ‘ಪಾಸಿಟಿವ್’ ರಿಪೋರ್ಟ್. ಅದರಲ್ಲಿ 200 ಮನೆಗಳಲ್ಲಿ ಅತ್ತದ್ದು ಸುಮ್ಮನೆ! ರೋಗ ಎಷ್ಟು ವಿರಳವೋ ಅಷ್ಟು ಹೆಚ್ಚಾಗಿ ಪಾಸಿಟಿವ್‌ಗಳು ಸುಳ್ಳಾಗುತ್ತವೆ.

ಹಾಗೆ ತಪ್ಪು ಬರಲು ಕಾರಣಗಳೂ ಇವೆ. ಸಂಧಿವಾತದವರ ರಕ್ತದಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್, ಪಾರ್ವೋವೈರಸ್‌ನಂಥ ಬೇರೆ ಸೋಂಕುಗಳು, ಇತ್ತೀಚೆಗೆ ಹಾಕಿಸಿಕೊಂಡ ರುಬೆಲ್ಲಾ ಲಸಿಕೆ, ಹಳೆಯ ಸೋಂಕಿನ ಉಳಿದುಕೊಂಡ ಐಜಿಎಂ. ಒಮ್ಮೊಮ್ಮೆ ಗರ್ಭಾವಸ್ಥೆಯಲ್ಲಿ ಕಾರಣವೇ ಕಾಣದೆ ಬರುತ್ತದೆ. ಕೂದಲು ಉದುರುತ್ತದೆಂದು ನಾವು ನುಂಗುವ ಬಯೋಟಿನ್ ಮಾತ್ರೆ ಕೂಡ ಕೆಲವು ಕಿಟ್‌ಗಳ ಫಲಿತಾಂಶವನ್ನು ಏರುಪೇರು ಮಾಡುತ್ತದೆ. ರಕ್ತ ಕೊಡುವಾಗ ತಪ್ಪದೇ ಹೇಳಿ.

ಇಂಗ್ಲೆಂಡಿನಲ್ಲಿ ಗರ್ಭಿಣಿಯರಿಗೆಲ್ಲ ಮಾಡುತ್ತಿದ್ದ ರುಬೆಲ್ಲಾ ತಪಾಸಣೆಯನ್ನು 2016ರ ಏಪ್ರಿಲ್‌ನಲ್ಲಿ ನಿಲ್ಲಿಸಿಬಿಟ್ಟರು. ಲಸಿಕೆಯಿಂದಾಗಿ ರೋಗ ತೀರಾ ವಿರಳವಾಗಿತ್ತು. ಪರೀಕ್ಷೆಯ ತಪ್ಪು ಫಲಿತಾಂಶದಿಂದ ತಾಯಂದಿರು ವೃಥಾ ಕಳವಳ ಪಡುತ್ತಾರೆ ಎಂಬುದೂ ಒಂದು ಕಾರಣ.

ಅಲ್ಲಾಡಿಸಿ ನೋಡುವುದು ಬೇರೆ, ಒಡೆದು ನೋಡುವುದು ಬೇರೆ

ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿ ಆಯಿತೋ ಇಲ್ಲವೋ ಎಂದು ನಮ್ಮ ಕಡೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ನಿಂತು ಗಿಟುಕು ಚಿಪ್ಪಿಗೆ ಬಡಿದರೆ ಆಗಿದೆ ಎಂದು ಅಂದಾಜು. ಖಾತ್ರಿ ಆಗುವುದು ಒಡೆದಾಗಲೇ. ಮೊದಲ ಐಜಿಎಂ ರಿಪೋರ್ಟ್ ಕೂಡ ಅಲ್ಲಾಡಿಸಿ ನೋಡಿದ ಹಾಗೆ. ಖಾತ್ರಿಗೆ ಬೇರೆ ದಾರಿಗಳಿವೆ.

ಮೊದಲನೆಯದು, ಜೋಡಿ ಮಾದರಿ. ಈಗ ಒಂದು ಸಲ, 10-14 ದಿನ ಬಿಟ್ಟು ಮತ್ತೊಂದು ಸಲ ರಕ್ತ ತೆಗೆದು, ಎರಡನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ಕಿಟ್‌ನಲ್ಲಿ, ಒಂದೇ ದಿನ ಪರೀಕ್ಷಿಸುವುದು. ಐಜಿಜಿ ಗಣನೀಯವಾಗಿ ಏರಿದ್ದರೆ ಹೊಸ ಸೋಂಕು. ಹಾಗೆಯೇ ನಿಂತಿದ್ದರೆ ಹಳೆಯದು. ಇದಕ್ಕಾಗಿ ಮೊದಲ ಮಾದರಿಯನ್ನು ಎಸೆಯದೆ ಇಟ್ಟಿರಿ ಎಂದು ಲ್ಯಾಬಿನವರನ್ನು ಕೇಳಿಕೊಳ್ಳಬೇಕು.

ಎರಡನೆಯದು, ಐಜಿಜಿ ಅವಿಡಿಟಿ ಪರೀಕ್ಷೆ. ಮೊನ್ನೆ ನೆಟ್ಟ ತೆಂಗಿನ ಸಸಿಯನ್ನು ಮಗು ಕಿತ್ತರೂ ಬಂದುಬಿಡುತ್ತದೆ, ಹಳೆಯ ಮರದ ಬೇರು ಅಲ್ಲಾಡುವುದಿಲ್ಲ. ಹೊಸ ಸೋಂಕಿನ ಐಜಿಜಿಯ ಹಿಡಿತವೂ ಸಡಿಲ, ತಿಂಗಳುಗಳು ಕಳೆದಂತೆ ಬಿಗಿಯಾಗುತ್ತದೆ. ಈ ಬಿಗಿಯನ್ನು ಅಳೆಯಲು ಲ್ಯಾಬಿನಲ್ಲಿ ಹಾಕುವುದು ಏನು ಗೊತ್ತೇ? ಹೆಚ್ಚಾಗಿ ಯೂರಿಯಾ! ತೋಟಕ್ಕೆ ಹಾಕುವ ಗೊಬ್ಬರದಲ್ಲಿರುವ ಅದೇ ರಾಸಾಯನಿಕ. ಯೂರಿಯಾ ಹಾಕಿದ ಮೇಲೂ ಪ್ರತಿಕಾಯ ಬಿಡದೆ ಹಿಡಿದುಕೊಂಡಿದ್ದರೆ ‘ಹೈ ಅವಿಡಿಟಿ’. ಸೋಂಕು ಮೂರು ತಿಂಗಳಿಗಿಂತ ಹಿಂದಿನದು ಎಂದರ್ಥ. ಬಸುರಿನ ಮೊದಲ ಮೂರು ತಿಂಗಳಲ್ಲೇ ಈ ಪರೀಕ್ಷೆ ಮಾಡಿಸಿದರೆ ಹೆಚ್ಚು ಉಪಯೋಗ. ಆರನೇ ತಿಂಗಳಲ್ಲಿ ‘ಹೈ’ ಬಂದರೆ ಸೋಂಕು ಬಸುರಿಗೆ ಮುಂಚಿನದೇ ಎಂದು ಹೇಳಲಾಗದು.

ನನ್ನ ನೆಂಟರ ಪೈಕಿ ಒಬ್ಬಾಕೆಗೆ ಮೂರನೇ ತಿಂಗಳಲ್ಲಿ ಐಜಿಎಂ ಸ್ವಲ್ಪ ಪಾಸಿಟಿವ್ ಬಂದಿತ್ತು. ದದ್ದಿಲ್ಲ, ಜ್ವರವಿಲ್ಲ. ಮನೆಯ ಹಿರಿಯರು ‘ತೆಗೆಸಿಬಿಡೋಣ’ ಎಂದು ತೀರ್ಮಾನಿಸಿಯೇ ಬಿಟ್ಟಿದ್ದರು. ಪುಣ್ಯಕ್ಕೆ ಅವರ ಡಾಕ್ಟರಮ್ಮ ‘ಎರಡು ವಾರ ಕಾಯೋಣ ಕಣಮ್ಮ’ ಎಂದು ಮತ್ತೆ ಪರೀಕ್ಷೆ ಬರೆದುಕೊಟ್ಟರು. ಐಜಿಜಿ ಇದ್ದಲ್ಲೇ ಇತ್ತು, ಅವಿಡಿಟಿ ಹೈ. ಆ ಮಗು ಈಗ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗುತ್ತಿದೆ.

ಪದೇ ಪದೇ ಗರ್ಭಪಾತವಾದರೆ ‘ಟಾರ್ಚ್’ ಬೇಕೇ?

ಎರಡು ಮೂರು ಸಲ ಹೊಟ್ಟೆ ಇಳಿದರೆ ‘ಟಾರ್ಚ್ ಮಾಡಿಸಿ’ ಎನ್ನುವ ರೂಢಿ ನಮ್ಮಲ್ಲಿ ಬೇರೂರಿದೆ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ, ಹರ್ಪಿಸ್ ಇತ್ಯಾದಿಗಳ ಒಟ್ಟು ಹೆಸರು ಅದು. ಆದರೆ ರುಬೆಲ್ಲಾ ಒಮ್ಮೆ ಬಂದು ಹೋದರೆ ಜೀವನಪೂರ್ತಿ ರಕ್ಷಣೆ ಇರುವುದರಿಂದ ಪದೇ ಪದೇ ಆಗುವ ಗರ್ಭಪಾತಕ್ಕೆ ಅದು ಕಾರಣವಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ ಎನ್ನುತ್ತಾರೆ ತಜ್ಞರು. ಐಜಿಜಿ ಪಾಸಿಟಿವ್ ನೋಡಿ ‘ಇದಕ್ಕೇ ಹೋಯಿತು’ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಬೇಡಿ. ರುಬೆಲ್ಲಾ ವೈರಸ್ಸನ್ನು ಕೊಲ್ಲುವ ಮಾತ್ರೆಯೇ ಇಲ್ಲ.

ನೀವು ಯಾವ ಪೀಳಿಗೆ?

ನಮ್ಮ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ, 2017ರ ಫೆಬ್ರುವರಿ 5ರಂದು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ ಮೊದಲ ಹಂತದಲ್ಲಿದ್ದವು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲೇ ಚುಚ್ಚಿದರು. ಈಗ ಮಕ್ಕಳಿಗೆ 9-12 ತಿಂಗಳಲ್ಲಿ ಒಂದು, 16-24 ತಿಂಗಳಲ್ಲಿ ಇನ್ನೊಂದು ಡೋಸ್ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ.

ಆದರೆ ಗಮನಿಸಿ: ಅಂದು 15 ದಾಟಿದ್ದ ಹುಡುಗಿಯರು ಈ ಲಸಿಕೆಯಿಂದ ಹೊರಗುಳಿದರು. ಅಂದರೆ 2002ರ ಆರಂಭಕ್ಕೆ ಮುಂಚೆ ಹುಟ್ಟಿದವರು. ಈಗ ಮದುವೆಯಾಗಿ ತಾಯಂದಿರಾಗುತ್ತಿರುವವರಲ್ಲಿ ಹೆಚ್ಚಿನವರು ಅವರೇ. ಖಾಸಗಿಯಾಗಿ ಎಂಎಂಆರ್ ಹಾಕಿಸಿದವರಿಗೆ ಚಿಂತೆ ಇಲ್ಲ. ಉಳಿದವರು ಬಸುರಾಗುವ ಮುಂಚೆಯೇ ವೈದ್ಯರನ್ನು ಕೇಳಿ ಎಂಎಂಆರ್ ಹಾಕಿಸಿಕೊಳ್ಳುವುದು ಜಾಣತನ. ಇದಕ್ಕೆ ಮೊದಲು ಪ್ರತಿಕಾಯ ಪರೀಕ್ಷೆ ಆಗಲೇಬೇಕೆಂದಿಲ್ಲ. ಮೊದಲೇ ರಕ್ಷಣೆ ಇದ್ದವರು ಹಾಕಿಸಿಕೊಂಡರೂ ತೊಂದರೆ ಇಲ್ಲ.

ರಿಪೋರ್ಟ್ ಓದುವುದು ಹೀಗೆ

- ಐಜಿಜಿ ಇದೆ, ಐಜಿಎಂ ಇಲ್ಲ: ರಕ್ಷಣೆ ಇದೆ. ನಿಶ್ಚಿಂತೆಯಿಂದಿರಿ.
- ಎರಡೂ ಇಲ್ಲ: ರಕ್ಷಣೆ ಇಲ್ಲ. ಬಸುರಿಯಲ್ಲದಿದ್ದರೆ ಲಸಿಕೆ ಹಾಕಿಸಿ. ಬಸುರಿಯಾಗಿದ್ದರೆ ದದ್ದು ಜ್ವರ ಇರುವವರಿಂದ ದೂರವಿರಿ, ಹೆರಿಗೆಯ ನಂತರ ಹಾಕಿಸಿ. ಹಾಲುಣಿಸುವವರೂ ಹಾಕಿಸಿಕೊಳ್ಳಬಹುದು.
- ಐಜಿಎಂ ಇದೆ, ಐಜಿಜಿ ಇಲ್ಲ: ತೀರಾ ಹೊಸ ಸೋಂಕು ಅಥವಾ ಸುಳ್ಳು ಪಾಸಿಟಿವ್. ಎರಡು ವಾರ ಬಿಟ್ಟು ಮರುಪರೀಕ್ಷೆ. ಆಗಲೂ ಐಜಿಜಿ ಬರದಿದ್ದರೆ ಅದು ಬಹುತೇಕ ಸುಳ್ಳು.
- ಎರಡೂ ಇವೆ: ಜೋಡಿ ಮಾದರಿ, ಅವಿಡಿಟಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಯಾವ ನಿರ್ಧಾರವೂ ಬೇಡ.

ಇಷ್ಟು ನೆನಪಿಡಿ

- ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ.
- ರಿಪೋರ್ಟ್‌ನಲ್ಲಿ ವಿಧಾನದ ಹೆಸರು, ಯೂನಿಟ್, ಆ ಕಿಟ್‌ನ ಗೆರೆ ಎಷ್ಟು ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಕೇಳುವುದು ನಿಮ್ಮ ಹಕ್ಕು.
- ಮರುಪರೀಕ್ಷೆ ಅದೇ ಲ್ಯಾಬಿನಲ್ಲಿ ಆಗಲಿ. ಎನ್‌ಎಬಿಎಲ್ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು.
- ದದ್ದು ಎದ್ದ ದಿನ, ಹತ್ತಿರದವರಿಗೆ ಎದ್ದ ದಿನ, ಕೊನೆಯ ಮುಟ್ಟಿನ ದಿನ, ಮೂರನ್ನೂ ಬರೆದುಕೊಂಡು ವೈದ್ಯರ ಬಳಿ ಹೋಗಿ.
- ಎಂಎಂಆರ್ ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಿ. ಗೊತ್ತಿಲ್ಲದೆ ಬಸುರಿಯಾಗಿದ್ದಾಗ ಹಾಕಿಸಿಕೊಂಡಿದ್ದರೆ ಅದೊಂದೇ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ.
- ಲಸಿಕೆ ಹಾಕಿಸಿದ ದಾಖಲೆ ಇದ್ದೂ ಐಜಿಜಿ ಕಡಿಮೆ ಬಂದರೆ ಇನ್ನೊಂದು ಡೋಸ್ ಬೇಕೇ ಎಂದು ವೈದ್ಯರನ್ನು ಕೇಳಿ. ಮತ್ತೆ ಮತ್ತೆ ಅಂಕಿ ನೋಡುತ್ತಾ ಕೂರಬೇಡಿ.

ಮಗಳ ಮದುವೆ ಗೊತ್ತಾದರೆ ಒಡವೆ, ಸೀರೆ, ಛತ್ರ ಎಂದು ಪಟ್ಟಿ ಬರೆಯುತ್ತೇವೆ. ಆ ಪಟ್ಟಿಗೆ ‘ರುಬೆಲ್ಲಾ ಲಸಿಕೆ’ ಎಂಬ ಒಂದು ಸಾಲನ್ನೂ ಸೇರಿಸಿ. ಸಾಮಾನ್ಯವಾಗಿ ಟಾರ್ಚ್ ಪರೀಕ್ಷೆಗೆ ಕೊಡುವ ದುಡ್ಡಿಗಿಂತ ಕಡಿಮೆಯಲ್ಲೇ ಅದು ಮುಗಿಯುತ್ತದೆ.